ಕಚೇರಿಯ ಫೋನಿನಿಂದ ಹೊರಹೋಗುವ ಕರೆ: ಡಿಜಿಟಲ್ ಟ್ರಂಕ್ ಲೈನ್‌ಗಳಲ್ಲಿ ಡಯಲಿಂಗ್ ವ್ಯವಸ್ಥೆ

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರಿಗಾಗಿ ಅಧ್ಯಯನ ಲೇಖನ
ಅನ್ವಯ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ

1. ಪೀಠಿಕೆ

ವಿಜಯಪುರ ಜಿಲ್ಲೆಯ ಉತ್ತರ ಭಾಗದ ಇಂಡಿ ಮತ್ತು ಸಿಂದಗಿ ಸೀಮೆಗೆ ಭೀಮಾ ನದಿ, ದಕ್ಷಿಣ ಭಾಗದ ಮುದ್ದೇಬಿಹಾಳ ಹಾಗೂ ಹಿಂದಿನ ಅಖಂಡ ಬಸವನ ಬಾಗೇವಾಡಿ ಸೀಮೆಗೆ ಕೃಷ್ಣಾ ನದಿ ಜೀವನಾಡಿಗಳಾಗಿವೆ. ಇವೇ ನದಿಗಳು ಪ್ರವಾಹದ ಕಾಲದಲ್ಲಿ ಗ್ರಾಮಗಳಿಗೆ ಸಂಕಟವನ್ನೂ ತಂದಿವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯೂ 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯೂ ದಂಡೆ ಮೀರಿ ಹರಿದ ದಿನಗಳನ್ನು ಈ ಭಾಗದ ಸದಸ್ಯರು ಮರೆತಿರಲಾರರು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿಯಾಗಲಿ, ಆಲಮಟ್ಟಿಯಿಂದ ಹೊರಹರಿವು ಹೆಚ್ಚಿದ ಸುದ್ದಿಯಾಗಲಿ, ನೀರಿಗಿಂತ ಮೊದಲು ಊರನ್ನು ತಲುಪಬೇಕಾದರೆ ಕಚೇರಿಯಿಂದ ಕಚೇರಿಗೆ, ಕಚೇರಿಯಿಂದ ಸದಸ್ಯರ ಮೊಬೈಲಿಗೆ ಕರೆ ಹೋಗಲೇಬೇಕು.

ಕಚೇರಿಯ ಮೇಜಿನ ಮೇಲೆ ಫೋನ್ ಇದೆ, ಎತ್ತಿದರೆ ಡಯಲ್ ಧ್ವನಿಯೂ ಕೇಳಿಸುತ್ತದೆ ಎಂದ ಮಾತ್ರಕ್ಕೆ ಕರೆ ಹೊರಗೆ ಹೋಗುತ್ತದೆ ಎಂದು ಭಾವಿಸಲಾಗದು. ಒತ್ತಿದ ಅಂಕಿಗಳನ್ನು ಹೊರಗಿನ ವಿನಿಮಯ ಕೇಂದ್ರಕ್ಕೆ ಯಾವ ರೂಪದಲ್ಲಿ ಕಳುಹಿಸಬೇಕೆಂಬ ನಿಯಮ ಕಚೇರಿಯ ದೂರವಾಣಿ ಯಂತ್ರದೊಳಗೆ ಬರೆಯಲ್ಪಟ್ಟಿರುತ್ತದೆ. ಆ ನಿಯಮದಲ್ಲಿ ಒಂದು ಸೊನ್ನೆ ತಪ್ಪಿದರೂ ಕರೆ ತಲುಪುವುದಿಲ್ಲ. ಈ ನಿಯಮಗಳ ಸ್ವರೂಪವನ್ನು, ಅವುಗಳನ್ನು ಪರೀಕ್ಷಿಸುವ ಕ್ರಮವನ್ನು ಮತ್ತು ಈ ವಿಷಯದಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ. ಯಂತ್ರವನ್ನು ಹೊಂದಿಸುವ ಕೆಲಸ ತಂತ್ರಜ್ಞರದು. ಆದರೆ ಕೆಲಸ ಸರಿಯಾಗಿ ಆಗಿದೆಯೇ ಎಂದು ನೋಡಿ ಒಪ್ಪಿಕೊಳ್ಳುವ ಹೊಣೆ ಕಚೇರಿಯದು, ಬಿಲ್ಲನ್ನು ಅನುಮೋದಿಸುವ ಸಭೆಯದು.

2. ಟ್ರಂಕ್ ಲೈನ್ ಎಂದರೇನು?

ಹಿರಿಯ ಸದಸ್ಯರಿಗೆ ಟ್ರಂಕ್ ಕಾಲ್ ಎಂಬ ಮಾತು ನೆನಪಿನಲ್ಲಿರುತ್ತದೆ. ಪರವೂರಿಗೆ ಮಾತನಾಡಬೇಕಾದರೆ ಟೆಲಿಫೋನ್ ಕಚೇರಿಯಲ್ಲಿ ಕರೆಯನ್ನು ಕಾದಿರಿಸಿ, ಆಪರೇಟರರು ಲೈನ್ ಕೂಡಿಸುವವರೆಗೆ ಕಾಯಬೇಕಾಗಿತ್ತು. ಎರಡು ವಿನಿಮಯ ಕೇಂದ್ರಗಳನ್ನು ಜೋಡಿಸುವ ಮುಖ್ಯ ಮಾರ್ಗಕ್ಕೆ ಟ್ರಂಕ್ ಎಂಬ ಹೆಸರು. ಆಪರೇಟರರ ನೆರವಿಲ್ಲದೆ ಚಂದಾದಾರರೇ ನೇರವಾಗಿ ಪರವೂರಿಗೆ ಡಯಲ್ ಮಾಡುವ ಎಸ್‌ಟಿಡಿ ಸೌಲಭ್ಯವು ಭಾರತದಲ್ಲಿ 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಮೊದಲಿಗೆ ಆರಂಭವಾಯಿತು. ಅಲ್ಲಿಂದ ಮುಂದೆ ಆಪರೇಟರರು ಮಾಡುತ್ತಿದ್ದ ತೀರ್ಮಾನವನ್ನು ಅಂಕಿಗಳೇ ಮಾಡತೊಡಗಿದವು.

ದೊಡ್ಡ ಕಚೇರಿಯೊಳಗೆ ಇದೇ ವ್ಯವಸ್ಥೆ ಸಣ್ಣ ರೂಪದಲ್ಲಿರುತ್ತದೆ. ಇಪಿಎಬಿಎಕ್ಸ್ ಎಂದು ಕರೆಯಲಾಗುವ ಯಂತ್ರವು ಕಚೇರಿಯ ಸ್ವಂತ ವಿನಿಮಯ ಕೇಂದ್ರ. ಪ್ರತಿ ಶಾಖೆಯ ಮೇಜಿನ ಮೇಲಿರುವ ಫೋನ್‌ಗಳು ಅದರ ಎಕ್ಸ್‌ಟೆನ್ಷನ್‌ಗಳು, ಅಂದರೆ ಒಳ ಫೋನ್‌ಗಳು. ಆ ಯಂತ್ರವನ್ನು ಹೊರಗಿನ ದೂರವಾಣಿ ಸಂಸ್ಥೆಯ ವಿನಿಮಯ ಕೇಂದ್ರಕ್ಕೆ ಜೋಡಿಸುವ ಮಾರ್ಗವೇ ಟ್ರಂಕ್ ಲೈನ್. ಒಳ ಫೋನ್‌ಗಳು ಐವತ್ತಿದ್ದರೂ ಒಂದೇ ಸಮಯಕ್ಕೆ ಎಷ್ಟು ಜನ ಹೊರಗಿನವರೊಡನೆ ಮಾತನಾಡಬಹುದು ಎಂಬುದನ್ನು ನಿರ್ಧರಿಸುವುದು ಟ್ರಂಕ್‌ಗಳ ಸಂಖ್ಯೆ.

3. ಡಿಜಿಟಲ್ ಟ್ರಂಕ್‌ನ ಸ್ವರೂಪ

ಹಳೆಯ ಸಾಮಾನ್ಯ ಲೈನಿನಲ್ಲಿ ಒಂದು ಜೋಡಿ ತಂತಿಯ ಮೇಲೆ ಒಂದೇ ಕರೆ ಸಾಗುತ್ತದೆ. ಪಿಆರ್‌ಐ ಎಂದು ಕರೆಯಲಾಗುವ ಡಿಜಿಟಲ್ ಟ್ರಂಕ್‌ನಲ್ಲಿ ಎರಡು ಜೋಡಿ ತಾಮ್ರದ ತಂತಿ ಅಥವಾ ಆಪ್ಟಿಕಲ್ ಫೈಬರ್ ಮೂಲಕ ಒಂದೇ ಸಮಯಕ್ಕೆ 30 ಕರೆಗಳು ಸಾಗುತ್ತವೆ. ಇದು ಸಾಧ್ಯವಾಗುವ ಬಗೆ ಹೀಗಿದೆ: ಮಾತಿನ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಹೀಗೆ ಒಂದು ಧ್ವನಿಗೆ ಸೆಕೆಂಡಿಗೆ 64,000 ಬಿಟ್ ಬೇಕಾಗುತ್ತದೆ. ಇಂತಹ 32 ಓಣಿಗಳನ್ನು ಒಂದೇ ಮಾರ್ಗದಲ್ಲಿ ಸರದಿಯಂತೆ ಕಳುಹಿಸಲಾಗುತ್ತದೆ. ಒಟ್ಟು ವೇಗ ಸೆಕೆಂಡಿಗೆ 20,48,000 ಬಿಟ್. 32 ಓಣಿಗಳ ಪೈಕಿ 0ನೆಯದು ಎರಡೂ ತುದಿಯ ಯಂತ್ರಗಳ ಕಾಲವನ್ನು ಹೊಂದಿಸಲು ಮೀಸಲು. 16ನೆಯದು ಸಂದೇಶಗಳಿಗೆ ಮೀಸಲು. ಉಳಿದ 30 ಓಣಿಗಳು ಮಾತಿಗೆ.

ಈ 16ನೆಯ ಓಣಿಯೇ ಇಲ್ಲಿ ಮುಖ್ಯವಾದುದು. ಹಳೆಯ ಲೈನಿನಲ್ಲಿ ಒತ್ತಿದ ಅಂಕಿಗಳು ಒಂದೊಂದಾಗಿ ಧ್ವನಿಯ ರೂಪದಲ್ಲಿ ಹೋಗುತ್ತಿದ್ದವು. ಹೊರಗಿನ ವಿನಿಮಯ ಕೇಂದ್ರವು ಅವುಗಳನ್ನು ಕೇಳಿಸಿಕೊಳ್ಳುತ್ತ ದಾರಿ ಹುಡುಕುತ್ತಿತ್ತು. ಪಿಆರ್‌ಐ ಲೈನಿನಲ್ಲಿ ಕಚೇರಿಯ ಯಂತ್ರವು ಸಾಮಾನ್ಯವಾಗಿ ಎಲ್ಲ ಅಂಕಿಗಳನ್ನೂ ಮೊದಲು ಕೂಡಿಸಿಕೊಂಡು, ಯಾರು ಕರೆ ಮಾಡುತ್ತಿದ್ದಾರೆ, ಯಾವ ಸಂಖ್ಯೆಗೆ ಮಾಡುತ್ತಿದ್ದಾರೆ ಎಂಬುದನ್ನು ಒಂದು ಅರ್ಜಿಯಂತೆ ಬರೆದು ಒಂದೇ ಬಾರಿಗೆ ಕಳುಹಿಸುತ್ತದೆ. ಅರ್ಜಿಯ ನಮೂನೆ ತಪ್ಪಿದ್ದರೆ ವಿನಿಮಯ ಕೇಂದ್ರವು ಕಾರಣದ ಸಂಖ್ಯೆಯೊಂದನ್ನು ನಮೂದಿಸಿ ಅದನ್ನು ತಿರಸ್ಕರಿಸುತ್ತದೆ. ಕಾರಣ 1 ಎಂದರೆ ಅಂತಹ ಸಂಖ್ಯೆ ಯಾರಿಗೂ ಹಂಚಿಕೆಯಾಗಿಲ್ಲ. 17 ಎಂದರೆ ಕರೆ ಸ್ವೀಕರಿಸಬೇಕಾದವರ ಫೋನ್ ಕಾರ್ಯನಿರತವಾಗಿದೆ. 28 ಎಂದರೆ ಸಂಖ್ಯೆಯ ರೂಪ ಸರಿಯಿಲ್ಲ ಅಥವಾ ಅಂಕಿಗಳು ಅಪೂರ್ಣವಾಗಿವೆ. 34 ಎಂದರೆ ಖಾಲಿ ಓಣಿ ಇಲ್ಲ. ಈ ಸಂಖ್ಯೆಗಳು ಯಂತ್ರದ ದಾಖಲೆಯಲ್ಲಿ ಉಳಿಯುತ್ತವೆ. ಫೋನ್ ಹೋಗುತ್ತಿಲ್ಲ ಎಂಬ ದೂರು ಬಂದಾಗ ತಂತ್ರಜ್ಞರು ಮೊದಲು ನೋಡಬೇಕಾದುದು ಇದನ್ನೇ. ಕಾರಣ 34 ಮತ್ತೆ ಮತ್ತೆ ಕಂಡರೆ ಲೈನ್‌ಗಳು ಸಾಲುತ್ತಿಲ್ಲವೆಂದು ತಿಳಿಯಬೇಕು. 1 ಅಥವಾ 28 ಕಂಡರೆ ಡಯಲಿಂಗ್ ನಿಯಮದಲ್ಲಿ ದೋಷವಿರುವ ಸಾಧ್ಯತೆಯೇ ಹೆಚ್ಚು.

ಇತ್ತೀಚಿನ ವರ್ಷಗಳಲ್ಲಿ ಅಂತರ್ಜಾಲ ಮಾದರಿಯ ಎಸ್‌ಐಪಿ ಟ್ರಂಕ್‌ಗಳೂ ಬಳಕೆಗೆ ಬಂದಿವೆ. ಭಾರತ್‌ನೆಟ್ ಯೋಜನೆಯಡಿ ಫೈಬರ್ ಸಂಪರ್ಕ ಪಡೆದ ಗ್ರಾಮ ಪಂಚಾಯತಿಗಳಲ್ಲಿ ಫೋನ್ ಸೌಲಭ್ಯವೂ ಅದೇ ಫೈಬರ್ ಮೂಲಕ ಬರಬಹುದು. ತಂತ್ರ ಬೇರೆಯಾದರೂ ಸಂಖ್ಯೆಯನ್ನು ಸರಿಯಾದ ರೂಪದಲ್ಲಿ ಕಳುಹಿಸಬೇಕೆಂಬ ನಿಯಮ ಎರಡಕ್ಕೂ ಒಂದೇ.

4. ಸೊನ್ನೆಯ ಪ್ರಶ್ನೆ

ಕಚೇರಿಯ ಫೋನಿನಲ್ಲಿ ಸೊನ್ನೆಗೆ ಎರಡು ಬೇರೆ ಬೇರೆ ಅರ್ಥಗಳಿವೆ. ಬಹುತೇಕ ಗೊಂದಲಗಳ ಮೂಲ ಇದೇ ಆಗಿರುವುದರಿಂದ ಈ ಭಾಗವನ್ನು ನಿಧಾನವಾಗಿ ಓದತಕ್ಕದ್ದು.

ಮೊದಲನೆಯ ಅರ್ಥ: ಹೊರಗಿನ ಲೈನ್ ಬೇಕು ಎಂದು ಇಪಿಎಬಿಎಕ್ಸ್ ಯಂತ್ರಕ್ಕೆ ತಿಳಿಸುವ ಅಂಕಿ. ಅನೇಕ ಕಚೇರಿಗಳಲ್ಲಿ ಇದು 0, ಕೆಲವೆಡೆ 9. ಈ ಅಂಕಿಯನ್ನು ಯಂತ್ರವು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದು ಹೊರಗೆ ಹೋಗುವುದಿಲ್ಲ.

ಎರಡನೆಯ ಅರ್ಥ: ಸಂಖ್ಯೆಯ ಭಾಗವಾಗಿಯೇ ಹೊರಗೆ ಹೋಗಬೇಕಾದ ಸೊನ್ನೆ. ಎಸ್‌ಟಿಡಿ ಕೋಡ್‌ಗಳ ಆರಂಭದಲ್ಲಿ ಬರುವ 0 ಈ ಬಗೆಯದು. ಈ ಭಾಗದ ಕೋಡ್‌ಗಳು ಹೀಗಿವೆ:

ವಿಜಯಪುರ – 08352
ಇಂಡಿ – 08359
ಸಿಂದಗಿ – 08488
ಮುದ್ದೇಬಿಹಾಳ – 08356
ಬಸವನ ಬಾಗೇವಾಡಿ – 08358

ಒಂದೇ ಕೋಡ್ ವ್ಯಾಪ್ತಿಯೊಳಗೆ ಸ್ಥಿರ ದೂರವಾಣಿಯಿಂದ ಸ್ಥಿರ ದೂರವಾಣಿಗೆ 6 ಅಂಕಿ ಸಾಕು. ವ್ಯಾಪ್ತಿ ಬದಲಾದರೆ ಕೋಡ್ ಸೇರಿ 11 ಅಂಕಿ ಬೇಕು. ಸಿಂದಗಿ ಮತ್ತು ಇಂಡಿ ನೆರೆಯ ತಾಲ್ಲೂಕುಗಳಾದರೂ ಫೋನಿನ ಲೆಕ್ಕದಲ್ಲಿ ಒಂದಕ್ಕೊಂದು ಪರವೂರುಗಳೇ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಜಿಲ್ಲೆಯಲ್ಲಿ ಹೊಸ ತಾಲ್ಲೂಕುಗಳು ರಚನೆಯಾದ ಮೇಲೆ ಕಂದಾಯದ ಗಡಿಗಳು ಬದಲಾಗಿವೆ. ತಾಲ್ಲೂಕಿನ ಹೆಸರು ಬದಲಾಯಿತೆಂದು ದೂರವಾಣಿಯ ಕೋಡ್ ಬದಲಾಗುವುದಿಲ್ಲ. ಆದುದರಿಂದ ಪ್ರತಿ ಕಚೇರಿಯ ಸಂಖ್ಯೆಯನ್ನೂ ಕೋಡ್ ಸಮೇತ ಬರೆದಿಡುವುದೇ ಸರಿಯಾದ ಕ್ರಮ.

ಇದರೊಂದಿಗೆ 2021ರ ಜನವರಿ 15ರಿಂದ ಹೊಸ ನಿಯಮವೊಂದು ಜಾರಿಗೆ ಬಂದಿತು. ದೂರಸಂಪರ್ಕ ಇಲಾಖೆಯ ಆದೇಶದಂತೆ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಹತ್ತು ಅಂಕಿಗಳ ಹಿಂದೆ 0 ಸೇರಿಸುವುದು ಕಡ್ಡಾಯವಾಯಿತು. ಮುಂದಿನ ದಿನಗಳಿಗಾಗಿ ಸುಮಾರು 254 ಕೋಟಿ ಹೊಸ ಸಂಖ್ಯೆಗಳಿಗೆ ಅವಕಾಶ ಮಾಡಿಕೊಳ್ಳುವುದು ಈ ಬದಲಾವಣೆಯ ಉದ್ದೇಶವಾಗಿತ್ತು. ಮೊಬೈಲಿನಿಂದ ಮೊಬೈಲಿಗೆ, ಮೊಬೈಲಿನಿಂದ ಸ್ಥಿರ ದೂರವಾಣಿಗೆ ಮಾಡುವ ಕರೆಗಳ ಕ್ರಮ ಬದಲಾಗಲಿಲ್ಲ.

ಈಗ ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಬಹುದು. ಹೊರಗಿನ ಲೈನಿಗೆ 0 ಬಳಸುವ ಕಚೇರಿಯಲ್ಲಿ ಸಿಬ್ಬಂದಿಯೊಬ್ಬರು ಸದಸ್ಯರ ಮೊಬೈಲಿಗೆ ಕರೆ ಮಾಡಲು 0 ಒತ್ತಿ, ನಂತರ ಹತ್ತು ಅಂಕಿಗಳನ್ನು ಒತ್ತುತ್ತಾರೆ. ನಿಯಮದಂತೆ 0 ಸೇರಿಸಿದ್ದೇನೆಂದು ಅವರು ಭಾವಿಸುತ್ತಾರೆ. ಆದರೆ ಆ ಸೊನ್ನೆಯನ್ನು ಯಂತ್ರವು ತನ್ನದೆಂದು ತಿಳಿದು ನುಂಗಿಬಿಡುತ್ತದೆ. ಹೊರಗೆ ಹೋಗುವುದು ಬರೀ ಹತ್ತು ಅಂಕಿ. ವಿನಿಮಯ ಕೇಂದ್ರವು ಅದನ್ನು ಒಪ್ಪುವುದಿಲ್ಲ. ಸಂಖ್ಯೆಯನ್ನು ಪರಿಶೀಲಿಸಿ ಎಂಬ ಧ್ವನಿಮುದ್ರಿತ ಸೂಚನೆ ಕೇಳಿಸಿದಾಗ, ಸದಸ್ಯರ ಮೊಬೈಲ್ ಸಂಖ್ಯೆಯೇ ತಪ್ಪು ಎಂಬ ಷರಾ ವಹಿಯಲ್ಲಿ ದಾಖಲಾಗುವ ಸಂಭವವಿದೆ. ಅತ್ತ ಸದಸ್ಯರ ಫೋನ್ ಸರಿಯಾಗಿಯೇ ಇರುತ್ತದೆ. ಸಭೆಯ ಸೂಚನೆ ತಪ್ಪಿದರೆ ಮುಂದಿನ ಸಭೆಯಲ್ಲಿ ಸರಿಪಡಿಸಿಕೊಳ್ಳಬಹುದು. ನದಿ ದಂಡೆಯ ಗ್ರಾಮಕ್ಕೆ ರಾತ್ರಿ ಹೋಗಬೇಕಾದ ಎಚ್ಚರಿಕೆ ತಪ್ಪಿದರೆ ಸರಿಪಡಿಸಲು ಸಮಯವಿರುವುದಿಲ್ಲ.

5. ಡಯಲಿಂಗ್ ಪಟ್ಟಿಯ ರಚನೆ

ಮೇಲಿನ ದೋಷವನ್ನು ಯಂತ್ರದ ಡಯಲಿಂಗ್ ಪಟ್ಟಿಯಲ್ಲಿಯೇ ನಿವಾರಿಸಬಹುದು. ಪಟ್ಟಿಯ ಪ್ರತಿ ಸಾಲಿನಲ್ಲಿ ನಾಲ್ಕು ವಿಷಯಗಳಿರುತ್ತವೆ: ಒತ್ತಿದ ಅಂಕಿಗಳ ಆರಂಭ, ಅಂಕಿಗಳ ಒಟ್ಟು ಉದ್ದ, ಯಂತ್ರ ತೆಗೆದುಹಾಕಬೇಕಾದ ಅಂಕಿ, ಯಂತ್ರ ಸೇರಿಸಬೇಕಾದ ಅಂಕಿ. ಇಂಡಿಯಲ್ಲಿರುವ, ಹೊರಗಿನ ಲೈನಿಗೆ 0 ಬಳಸುವ ಕಚೇರಿಯೊಂದನ್ನು ಮಾದರಿಯಾಗಿ ಇಟ್ಟುಕೊಂಡರೆ ಪಟ್ಟಿ ಹೀಗಿರುತ್ತದೆ:

(ಅ) ಸ್ಥಳೀಯ ಸ್ಥಿರ ದೂರವಾಣಿ. ಒತ್ತುವುದು: 0, ನಂತರ 2ರಿಂದ ಆರಂಭವಾಗುವ 6 ಅಂಕಿ. ತೆಗೆಯುವುದು: ಮೊದಲ 0. ಸೇರಿಸುವುದು: ಏನೂ ಇಲ್ಲ. ಹೊರಹೋಗುವುದು: 6 ಅಂಕಿ.

(ಆ) ಪರವೂರಿನ ಸ್ಥಿರ ದೂರವಾಣಿ, ಉದಾಹರಣೆಗೆ ವಿಜಯಪುರ. ಒತ್ತುವುದು: 0, ನಂತರ 08352, ನಂತರ 6 ಅಂಕಿ. ತೆಗೆಯುವುದು: ಮೊದಲ 0 ಮಾತ್ರ. ಹೊರಹೋಗುವುದು: 08352 ಸೇರಿ 11 ಅಂಕಿ.

(ಇ) ಮೊಬೈಲ್, ಪೂರ್ಣ ಕ್ರಮ. ಒತ್ತುವುದು: 0, ಮತ್ತೆ 0, ನಂತರ 10 ಅಂಕಿ. ತೆಗೆಯುವುದು: ಮೊದಲ 0. ಹೊರಹೋಗುವುದು: 0 ಸೇರಿ 11 ಅಂಕಿ.

(ಈ) ಮೊಬೈಲ್, ರೂಢಿಯ ಕ್ರಮ. ಒತ್ತುವುದು: 0, ನಂತರ 6, 7, 8 ಅಥವಾ 9ರಿಂದ ಆರಂಭವಾಗುವ 10 ಅಂಕಿ. ತೆಗೆಯುವುದು: ಮೊದಲ 0. ಸೇರಿಸುವುದು: 0. ಹೊರಹೋಗುವುದು: 0 ಸೇರಿ 11 ಅಂಕಿ.

(ಉ) ತುರ್ತು ಮತ್ತು ಸಹಾಯವಾಣಿ ಸಂಖ್ಯೆಗಳು. 0 ಒತ್ತಿದರೂ ಒತ್ತದಿದ್ದರೂ ಕರೆ ಹೋಗಬೇಕು. ಹೊರಹೋಗುವುದು: ಸಹಾಯವಾಣಿಯ ಅಂಕಿಗಳು ಮಾತ್ರ.

(ಊ) ವಿದೇಶಿ ಕರೆ. ಹೊರಗಿನ ಲೈನಿನ 0 ತೆಗೆದ ಮೇಲೆ 00ರಿಂದ ಆರಂಭವಾಗುವ ಎಲ್ಲ ಸಂಖ್ಯೆಗಳು: ತಡೆ.

ಇವುಗಳಲ್ಲಿ (ಈ) ಸಾಲು ಮುಖ್ಯವಾದುದು. ಸಿಬ್ಬಂದಿ ಒಂದೇ ಸೊನ್ನೆ ಒತ್ತಿದರೂ ಯಂತ್ರವೇ ಎರಡನೆಯ ಸೊನ್ನೆಯನ್ನು ಸೇರಿಸುತ್ತದೆ. ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಯಾರಾದರೂ ವಿಜಯಪುರದ ಕೋಡ್‌ನ ಸೊನ್ನೆಯನ್ನು ಮರೆತು 0, 8352, 6 ಅಂಕಿ ಎಂದು ಒತ್ತಿದರೂ, 8ರಿಂದ ಆರಂಭವಾಗುವ ಆ ಹತ್ತು ಅಂಕಿಗಳಿಗೆ 0 ಸೇರಿ 08352 ಆಗುತ್ತದೆ. ಕರೆ ಸರಿಯಾಗಿಯೇ ತಲುಪುತ್ತದೆ.

(ಊ) ಸಾಲಿನಲ್ಲಿ ಒಂದು ಸೂಕ್ಷ್ಮವಿದೆ. 00ರಿಂದ ಆರಂಭವಾಗುವ ಕರೆಗಳನ್ನು ತಡೆಯಬೇಕು ಎಂಬ ನಿಯಮವನ್ನು ಹೊರಗಿನ ಲೈನಿನ 0 ತೆಗೆಯುವ ಮೊದಲೇ ಅನ್ವಯಿಸಿದರೆ, (ಆ) ಮತ್ತು (ಇ) ಸಾಲಿನ ಎಲ್ಲ ಕರೆಗಳೂ ನಿಂತುಹೋಗುತ್ತವೆ. ಏಕೆಂದರೆ ಅವುಗಳನ್ನು ಒತ್ತುವಾಗಲೂ ಮೊದಲು ಬರುವುದು 00. ವಿದೇಶಿ ಕರೆಗೆ ಹಾಕಿದ ತಡೆ ಜಿಲ್ಲಾ ಕೇಂದ್ರದ ಕರೆಯನ್ನೇ ನಿಲ್ಲಿಸಬಾರದು.

ಉದ್ದದ ನಿಯಮಕ್ಕೂ ಮಹತ್ವವಿದೆ. ಎಷ್ಟು ಅಂಕಿಗೆ ಸಂಖ್ಯೆ ಪೂರ್ಣವಾಯಿತು ಎಂಬುದನ್ನು ಯಂತ್ರಕ್ಕೆ ತಿಳಿಸದಿದ್ದರೆ, ಇನ್ನೂ ಅಂಕಿ ಬರಬಹುದೆಂದು ಅದು ಕಾಯುತ್ತದೆ. ಒತ್ತಿದವರು ಕರೆ ಸಾಗಲಿಲ್ಲವೆಂದು ತಿಳಿದು ಫೋನ್ ಇಟ್ಟುಬಿಡುತ್ತಾರೆ. ಉದ್ದವನ್ನು ಅಗತ್ಯಕ್ಕಿಂತ ಕಡಿಮೆ ನಮೂದಿಸಿದರೆ ಕೊನೆಯ ಅಂಕಿಗಳು ಬಿಟ್ಟುಹೋಗಿ ಅಪೂರ್ಣ ಸಂಖ್ಯೆ ಹೊರಡುತ್ತದೆ. 2021ಕ್ಕಿಂತ ಮುಂಚೆ ಮೊಬೈಲ್ ಕರೆಗೆ 10 ಅಂಕಿಯ ಮಿತಿ ಹಾಕಿ, ನಂತರ ಬದಲಿಸದ ಯಂತ್ರಗಳಲ್ಲಿ ಇಂತಹ ದೋಷ ಉಳಿದಿರಬಹುದು.

ಎಸ್‌ಐಪಿ ಟ್ರಂಕ್ ಇದ್ದಲ್ಲಿ ಸಂಸ್ಥೆಯು ಕೆಲವೊಮ್ಮೆ 0 ಬದಲು 91 ಸೇರಿಸಿದ ರೂಪವನ್ನು ಕೇಳಬಹುದು. ಯಾವ ರೂಪ ಬೇಕೆಂಬುದನ್ನು ಸೇವೆ ನೀಡುವ ಸಂಸ್ಥೆಯಿಂದ ಲಿಖಿತವಾಗಿ ಪಡೆಯಬೇಕು.

6. ತುರ್ತು ಸಂಖ್ಯೆಗಳು ಮತ್ತು ಒಳ ಫೋನ್‌ಗಳ ಸಂಖ್ಯೆ

ಒಳ ಫೋನ್‌ಗಳಿಗೆ 101, 102, 103 ಎಂದು ಕ್ರಮವಾಗಿ ಸಂಖ್ಯೆ ಕೊಡುವುದು ಸಹಜವೆಂದು ತೋರುತ್ತದೆ. ಆದರೆ ಇದು ಅಪಾಯಕಾರಿ. 101 ಅಗ್ನಿಶಾಮಕ ಸೇವೆಯ ಸಂಖ್ಯೆ. 108 ಆಂಬುಲೆನ್ಸ್ ಸೇವೆಯದು. 112 ಪೊಲೀಸ್, ಅಗ್ನಿಶಾಮಕ ಮತ್ತು ವೈದ್ಯಕೀಯ ನೆರವಿಗೆ ಇರುವ ಏಕೀಕೃತ ತುರ್ತು ಸಂಖ್ಯೆ. ಕಚೇರಿಯಲ್ಲಿ ಒಬ್ಬರಿಗೆ ಎದೆನೋವು ಕಾಣಿಸಿಕೊಂಡಾಗ 108 ಒತ್ತಿದರೆ ಪಕ್ಕದ ಶಾಖೆಯ ಖಾಲಿ ಮೇಜಿನ ಫೋನ್ ರಿಂಗಾಗುತ್ತಿರುತ್ತದೆ. ಇದು ಯಂತ್ರದ ತಪ್ಪಲ್ಲ, ಸಂಖ್ಯೆ ಹಂಚಿದ ಕ್ರಮದ ತಪ್ಪು.

ಆದುದರಿಂದ ಒಳ ಫೋನ್‌ಗಳ ಸಂಖ್ಯೆ 2ರಿಂದ ಆರಂಭವಾಗುವಂತೆ, ಉದಾಹರಣೆಗೆ 201ರಿಂದ 249ರವರೆಗೆ, ನಿಗದಿಪಡಿಸಿ 1ರಿಂದ ಆರಂಭವಾಗುವ ಎಲ್ಲ ಸಂಖ್ಯೆಗಳನ್ನು ಸಹಾಯವಾಣಿಗಳಿಗೆ ಬಿಟ್ಟುಕೊಡಬೇಕು. ಯಂತ್ರದಲ್ಲಿ ಒಂದೊಂದಾಗಿ ನಮೂದಿಸಬೇಕಾದ ಮುಖ್ಯ ಸಂಖ್ಯೆಗಳು ಇವು:

112 – ಏಕೀಕೃತ ತುರ್ತು ನೆರವು
100 – ಪೊಲೀಸ್
101 – ಅಗ್ನಿಶಾಮಕ
108 – ಆಂಬುಲೆನ್ಸ್
104 – ಆರೋಗ್ಯ ಸಹಾಯವಾಣಿ
181 – ಮಹಿಳಾ ಸಹಾಯವಾಣಿ
1077 – ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ
1098 – ಮಕ್ಕಳ ಸಹಾಯವಾಣಿ
1912 – ವಿದ್ಯುತ್ ದೂರು
1930 – ಸೈಬರ್ ವಂಚನೆ ದೂರು
1962 – ಪಶು ಚಿಕಿತ್ಸಾ ಸಂಚಾರಿ ಸೇವೆ

ಈ ಪಟ್ಟಿಯ ಮೂರಂಕಿಯ ಯಾವ ಸಂಖ್ಯೆಯೂ ನಾಲ್ಕಂಕಿಯ ಸಂಖ್ಯೆಯ ಆರಂಭದ ಭಾಗವಲ್ಲ. ಹೀಗಾಗಿ ಒಂದು ಸಂಖ್ಯೆ ಪೂರ್ಣವಾದ ಕೂಡಲೇ ಯಂತ್ರವು ಕಾಯದೆ ಕರೆಯನ್ನು ಕಳುಹಿಸಬಹುದು.

1077 ಕುರಿತು ವಿಶೇಷ ಗಮನ ಅಗತ್ಯ. ಇದು ಜಿಲ್ಲೆಗೆ ಸಂಬಂಧಿಸಿದ ಸಂಖ್ಯೆ. ಕಚೇರಿಯ ಟ್ರಂಕ್ ಬೇರೆ ಊರಿನ ಕೇಂದ್ರದಿಂದ ಬಂದಿದ್ದರೆ ಕರೆ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ನಿಯಂತ್ರಣ ಕೊಠಡಿಯ ಪೂರ್ಣ ಸ್ಥಿರ ದೂರವಾಣಿ ಸಂಖ್ಯೆಯನ್ನು ಕೋಡ್ ಸಮೇತ ಗೋಡೆಯ ಮೇಲೆ ಬರೆದಿಡುವುದು ಎರಡನೆಯ ಆಸರೆ.

7. ಯಾರಿಗೆ ಯಾವ ಕರೆ?

ಪ್ರತಿ ಒಳ ಫೋನಿಗೂ ಹೊರಕರೆಯ ಅನುಮತಿಯ ಮಟ್ಟವನ್ನು ನಿಗದಿಪಡಿಸಬಹುದು. ಮೊದಲ ಮಟ್ಟದಲ್ಲಿ ಒಳಗಿನ ಕರೆಗಳು ಮತ್ತು ತುರ್ತು ಸಂಖ್ಯೆಗಳು. ಎರಡನೆಯದರಲ್ಲಿ ಸ್ಥಳೀಯ ಕರೆಗಳು. ಮೂರನೆಯದರಲ್ಲಿ ಎಸ್‌ಟಿಡಿ ಮತ್ತು ಮೊಬೈಲ್ ಕರೆಗಳು. ವಿದೇಶಿ ಕರೆಯ ಅಗತ್ಯ ಈ ಕಚೇರಿಗಳಿಗೆ ಬೀಳುವುದು ಅಪರೂಪ. ಅದನ್ನು ಯಂತ್ರದಲ್ಲಿಯೂ ಸೇವಾ ಸಂಸ್ಥೆಯ ಕಡೆಯಿಂದಲೂ ತಡೆಹಿಡಿಯುವುದು ಕ್ಷೇಮ. ಅನುಮತಿ ಎಷ್ಟೇ ಕಡಿಮೆ ಇದ್ದರೂ ತುರ್ತು ಸಂಖ್ಯೆಗಳನ್ನು ಯಾವ ಫೋನಿನಿಂದಲೂ ತಡೆಯಬಾರದು. ದ್ವಾರದ ಬಳಿಯ ಕಾವಲುಗಾರರ ಫೋನಿಗೂ ಇದು ಅನ್ವಯಿಸುತ್ತದೆ. ರಾತ್ರಿ ವೇಳೆ ಕಚೇರಿಯಲ್ಲಿ ಇರುವವರು ಅವರೇ.

ತಡೆಯ ಅಗತ್ಯ ಕೇವಲ ಸಿಬ್ಬಂದಿಯ ಬಳಕೆಗೆ ಸಂಬಂಧಿಸಿದ್ದಲ್ಲ. ಹೊರಗಿನವರು ಕಚೇರಿಯ ಯಂತ್ರಕ್ಕೆ ಕರೆ ಮಾಡಿ, ಅದರ ಮೂಲಕವೇ ಮತ್ತೆ ಹೊರಗೆ ಕರೆ ಮಾಡುವ ಡಿಸಾ ಎಂಬ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ. ಅದು ತೆರೆದಿದ್ದು, ಕಾರ್ಖಾನೆಯಿಂದ ಬಂದ ಗುಪ್ತ ಸಂಖ್ಯೆಯನ್ನು ಬದಲಿಸದೇ ಇದ್ದರೆ ವಂಚಕರು ರಾತ್ರೋರಾತ್ರಿ ದುಬಾರಿ ವಿದೇಶಿ ಕರೆಗಳನ್ನು ಮಾಡಬಲ್ಲರು. ಆ ಬಿಲ್ಲು ಕಚೇರಿಯ ಹೆಸರಿಗೇ ಬರುತ್ತದೆ. ಡಿಸಾ ಸೌಲಭ್ಯವನ್ನು ಮುಚ್ಚಿಸುವುದು, ಗುಪ್ತ ಸಂಖ್ಯೆಯನ್ನು ಬದಲಿಸಿ ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿ ಮುಖ್ಯಸ್ಥರ ಸುಪರ್ದಿನಲ್ಲಿಡುವುದು, ಯಂತ್ರದ ಕರೆ ದಾಖಲೆಯನ್ನು ಪ್ರತಿ ತಿಂಗಳು ಬಿಲ್ಲಿನೊಂದಿಗೆ ತಾಳೆ ನೋಡುವುದು, ಈ ಮೂರೂ ಕೆಲಸಗಳು ಆಗಲೇಬೇಕು.

8. ಕರೆ ಮಾಡಿದವರ ಸಂಖ್ಯೆ

ಹೊರಕರೆಯ ಅರ್ಜಿಯಲ್ಲಿ ಕರೆ ಮಾಡುವವರ ಸಂಖ್ಯೆಯೂ ಇರುತ್ತದೆ. ಕಚೇರಿಗೆ ಹಂಚಿಕೆಯಾಗದ ಸಂಖ್ಯೆಯನ್ನು ಕಳುಹಿಸಿದರೆ ವಿನಿಮಯ ಕೇಂದ್ರವು ಅದರ ಬದಲು ಮುಖ್ಯ ಸಂಖ್ಯೆಯನ್ನು ತೋರಿಸಬಹುದು ಅಥವಾ ಕರೆಯನ್ನೇ ತಿರಸ್ಕರಿಸಬಹುದು. ಮುಖ್ಯ ಸಂಖ್ಯೆ ತೋರಿದರೆ ತಿರುಗಿ ಬರುವ ಕರೆ ಸ್ವಾಗತ ಮೇಜಿಗೆ ಬೀಳುತ್ತದೆ. ಕಚೇರಿ ವೇಳೆಯ ನಂತರ ಅಲ್ಲಿ ಯಾರೂ ಇರುವುದಿಲ್ಲ. ಪ್ರವಾಹದ ದಿನಗಳಲ್ಲಿ ರಾತ್ರಿ ಪಾಳಿಯ ಮೇಜಿನಿಂದ ಹೊರಡುವ ಕರೆಗಳು ಅದೇ ಮೇಜಿನ ನೇರ ಸಂಖ್ಯೆಯನ್ನು ತೋರಿಸುವಂತೆ ಹೊಂದಿಸತಕ್ಕದ್ದು. ತುರ್ತು ಕರೆ ಮಾಡುವವರು ಗ್ರಾಮ, ಗ್ರಾಮ ಪಂಚಾಯತಿ ಮತ್ತು ತಾಲ್ಲೂಕಿನ ಹೆಸರನ್ನು ಮೊದಲು ಹೇಳುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಯಂತ್ರವು ತೋರಿಸುವ ಸಂಖ್ಯೆಯಿಂದ ಕಚೇರಿಯ ನೋಂದಾಯಿತ ವಿಳಾಸವಷ್ಟೇ ತಿಳಿಯಬಹುದು, ಘಟನೆಯ ಸ್ಥಳ ತಿಳಿಯುವುದಿಲ್ಲ.

9. ವಿದ್ಯುತ್ ಹೋದಾಗ

ಹಳೆಯ ತಾಮ್ರದ ಲೈನಿಗೆ ಬೇಕಾದ ವಿದ್ಯುತ್ ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಊರಿನಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ನಡೆಯುತ್ತಿತ್ತು. ಫೈಬರ್ ಸಂಪರ್ಕದಲ್ಲಿ ಹಾಗಲ್ಲ. ಕಚೇರಿಯೊಳಗಿನ ಫೈಬರ್ ಪೆಟ್ಟಿಗೆಗೂ ಇಪಿಎಬಿಎಕ್ಸ್ ಯಂತ್ರಕ್ಕೂ ಸ್ಥಳೀಯ ವಿದ್ಯುತ್ತೇ ಬೇಕು. ಗಾಳಿಮಳೆಗೆ ಕಂಬ ಬಿದ್ದ ರಾತ್ರಿಯೇ ಫೋನ್ ಅತ್ಯಗತ್ಯವಾಗಿರುತ್ತದೆ. ಅದೇ ರಾತ್ರಿ ಅದು ಸ್ತಬ್ಧವಾಗುತ್ತದೆ. ಯುಪಿಎಸ್‌ಗೆ ಗಣಕಯಂತ್ರವನ್ನು ಮಾತ್ರ ಜೋಡಿಸಿ ಫೈಬರ್ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿಗೆ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಇವೆರಡನ್ನೂ ಬ್ಯಾಟರಿಗೆ ಜೋಡಿಸಬೇಕು. ಸಾಧ್ಯವಿದ್ದಲ್ಲಿ ಮುಖ್ಯ ಟ್ರಂಕ್ ಕಡಿದಾಗ ಕರೆಯನ್ನು ಬೇರೊಂದು ಲೈನಿಗೆ ಅಥವಾ ಸಿಮ್ ಅಳವಡಿಸಿದ ಉಪಕರಣಕ್ಕೆ ತಿರುಗಿಸುವ ಎರಡನೆಯ ಮಾರ್ಗವನ್ನು ಡಯಲಿಂಗ್ ಪಟ್ಟಿಯಲ್ಲಿ ಸೇರಿಸಬೇಕು. ಎರಡನೆಯ ಮಾರ್ಗಕ್ಕೆ ಬೇಕಾದ ಸಂಖ್ಯೆಯ ರೂಪ ಬೇರೆಯಾಗಿರಬಹುದು. ಅದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

10. ಪರೀಕ್ಷೆ ಮತ್ತು ದೃಢೀಕರಣ

ಕೆಲಸ ಮುಗಿದಿದೆ ಎಂಬ ತಂತ್ರಜ್ಞರ ಮಾತು ಸಾಲದು. ಡಯಲಿಂಗ್ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ, ಪ್ರತಿ ಸಾಲನ್ನೂ ಸಿಬ್ಬಂದಿಯೇ ಒತ್ತಿ ನೋಡಿ, ಫಲಿತಾಂಶವನ್ನು ಎದುರಿಗೆ ಬರೆದು, ದಿನಾಂಕ ಹಾಕಿ ಸಹಿ ಮಾಡಿದ ನಂತರವೇ ಕಾಮಗಾರಿಯನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಯ ಕ್ರಮ ಹೀಗಿರಲಿ:

(1) ಸ್ಥಳೀಯ ಸ್ಥಿರ ದೂರವಾಣಿಗೆ ಒಂದು ಕರೆ.
(2) ವಿಜಯಪುರಕ್ಕೆ ಮತ್ತು ನೆರೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಕೋಡ್ ಸಮೇತ ಕರೆ.
(3) ಬೇರೆ ಬೇರೆ ಕಂಪನಿಗಳ ಮೊಬೈಲ್‌ಗಳಿಗೆ, ಒಂದು ಸೊನ್ನೆಯಿಂದ ಮತ್ತು ಎರಡು ಸೊನ್ನೆಗಳಿಂದ ಕರೆ. ಸ್ವೀಕರಿಸಿದವರ ಪರದೆಯಲ್ಲಿ ಕಾಣಿಸಿದ ಸಂಖ್ಯೆಯ ದಾಖಲೆ.
(4) 112 ಮತ್ತು 1077ಕ್ಕೆ ಕರೆ. ಸಂಬಂಧಿಸಿದ ಕೊಠಡಿಗೆ ಮುಂಚಿತವಾಗಿ ತಿಳಿಸಿ, ಕರೆ ಸ್ವೀಕರಿಸಿದ ಕೂಡಲೇ ಇದು ಪರೀಕ್ಷಾ ಕರೆ ಎಂದು ಹೇಳಬೇಕು. ಏನೂ ಹೇಳದೆ ಫೋನ್ ಇಡಬಾರದು.
(5) ವಿದೇಶಿ ಸಂಖ್ಯೆ ಒತ್ತಿದಾಗ ತಡೆ ಬೀಳುತ್ತದೆಯೇ ಎಂಬ ಪರಿಶೀಲನೆ.
(6) ಕಟ್ಟಡದ ಮುಖ್ಯ ವಿದ್ಯುತ್ ಸ್ವಿಚ್ ಆರಿಸಿ ಮೊದಲ ನಾಲ್ಕು ಪರೀಕ್ಷೆಗಳ ಪುನರಾವರ್ತನೆ.

ಈ ಪರೀಕ್ಷೆಯನ್ನು ಮುಂಗಾರಿಗೆ ಮುನ್ನ, ಅಂದರೆ ಮೇ ತಿಂಗಳಲ್ಲಿ ಒಮ್ಮೆ, ಹಾಗೂ ಯಂತ್ರ ಅಥವಾ ಲೈನ್ ಬದಲಾದಾಗಲೆಲ್ಲ ಮತ್ತೊಮ್ಮೆ ನಡೆಸಬೇಕು.

11. ಸದಸ್ಯರ ಪಾತ್ರ

ಸಣ್ಣ ಗ್ರಾಮ ಪಂಚಾಯತಿಯಲ್ಲಿ ಒಂದೇ ಫೋನ್ ಇರಬಹುದು, ಇಪಿಎಬಿಎಕ್ಸ್ ಇಲ್ಲದೆಯೂ ಇರಬಹುದು. ಆದರೂ ಸದಸ್ಯರು ತಾಲ್ಲೂಕು ಮತ್ತು ಜಿಲ್ಲಾ ಕಚೇರಿಗಳ ಯಂತ್ರಗಳಿಂದ ಹೊರಡುವ ಕರೆಗಳನ್ನು ಸ್ವೀಕರಿಸುವವರು. ಮೊದಲನೆಯದಾಗಿ, ತಮ್ಮ ಮೊಬೈಲ್ ಸಂಖ್ಯೆ ತಾಲ್ಲೂಕು ಪಂಚಾಯತಿಯ ವಹಿಯಲ್ಲಿ ಸರಿಯಾಗಿದೆಯೇ ಎಂದು ನೋಡಿ, ಆ ಕಚೇರಿಯ ಫೋನಿನಿಂದಲೇ ಒಂದು ಕರೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಎರಡನೆಯದಾಗಿ, ಫೋನ್ ವ್ಯವಸ್ಥೆಗೆ ಸಂಬಂಧಿಸಿದ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ ಸಹಿಯಾದ ಪರೀಕ್ಷಾ ಹಾಳೆಯನ್ನು ಕೇಳಬೇಕು. ಮೂರನೆಯದಾಗಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಸೇರಿ, ಫೋನಿನ ಪಕ್ಕದ ಗೋಡೆಯ ಮೇಲೆ ತುರ್ತು ಸಂಖ್ಯೆಗಳನ್ನು ಒತ್ತಬೇಕಾದ ಪೂರ್ಣ ರೂಪದಲ್ಲಿಯೇ ಬರೆಸಬೇಕು. ಸೊನ್ನೆ ಎಷ್ಟು ಬಾರಿ ಒತ್ತಬೇಕೆಂಬುದು ರಾತ್ರಿ ಪಾಳಿಯ ಹೊಸ ಸಿಬ್ಬಂದಿಗೂ ಓದಿದ ಕೂಡಲೇ ತಿಳಿಯುವಂತಿರಬೇಕು.

12. ಅಭ್ಯಾಸ

ಪ್ರಶ್ನೆ 1: ಸಿಂದಗಿಯ ಕಚೇರಿಯೊಂದರಲ್ಲಿ ಹೊರಗಿನ ಲೈನಿಗೆ 0 ಬಳಸಲಾಗುತ್ತದೆ. ಇಂಡಿಯ ಸ್ಥಿರ ದೂರವಾಣಿಗೆ ಏನು ಒತ್ತಬೇಕು? ಹೊರಗೆ ಎಷ್ಟು ಅಂಕಿ ಹೋಗಬೇಕು?
ಪ್ರಶ್ನೆ 2: ಒಳ ಫೋನ್‌ಗಳಿಗೆ 101ರಿಂದ 125ರವರೆಗೆ ಸಂಖ್ಯೆ ಕೊಡಲಾಗಿದೆ. 6ನೆಯ ಭಾಗದ ಪಟ್ಟಿಯ ಯಾವ ಸಂಖ್ಯೆಗಳಿಗೆ ಅಡ್ಡಿಯಾಗುತ್ತದೆ?
ಪ್ರಶ್ನೆ 3: ಕಚೇರಿಯಿಂದ ಸ್ಥಳೀಯ ಕರೆಗಳು ಹೋಗುತ್ತವೆ. ಮೊಬೈಲ್ ಕರೆಗಳು ಒಂದು ಸೊನ್ನೆಯಿಂದಲೂ ಎರಡು ಸೊನ್ನೆಗಳಿಂದಲೂ ಹೋಗುವುದಿಲ್ಲ. ಪಟ್ಟಿಯಲ್ಲಿ ಏನನ್ನು ಪರಿಶೀಲಿಸಬೇಕು?

ಉತ್ತರ 1: 0, ನಂತರ 08359, ನಂತರ 6 ಅಂಕಿ. ಹೊರಗೆ 11 ಅಂಕಿ ಹೋಗಬೇಕು.
ಉತ್ತರ 2: 101, 104, 108 ಮತ್ತು 112. ಜೊತೆಗೆ 107 ಮತ್ತು 109 ಒಳ ಫೋನ್‌ಗಳ ಸಂಖ್ಯೆಗಳಾಗಿರುವುದರಿಂದ 1077 ಮತ್ತು 1098ಕ್ಕೂ ಅಡ್ಡಿಯಾಗುತ್ತದೆ.
ಉತ್ತರ 3: ಮೂರು ಅಂಶಗಳನ್ನು. ಒಂದು ಸೊನ್ನೆಯ ಕರೆಗೆ ಯಂತ್ರವು 0 ಸೇರಿಸುವ (ಈ) ಸಾಲು ಇದೆಯೇ ಎಂಬುದು. ವಿದೇಶಿ ಕರೆಯ ತಡೆಯನ್ನು ಹೊರಗಿನ ಲೈನಿನ 0 ತೆಗೆಯುವ ಮೊದಲೇ ಅನ್ವಯಿಸಲಾಗಿದೆಯೇ ಎಂಬುದು. ಮತ್ತು ಅಂಕಿಗಳ ಉದ್ದದ ಮಿತಿ ಹಳೆಯ 10 ಅಂಕಿಯಲ್ಲಿಯೇ ಉಳಿದಿದೆಯೇ ಎಂಬುದು.

ಮಾನ್ಯ ಸದಸ್ಯರು ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ ಚರ್ಚಿಸಿ, ತಮ್ಮ ಕಚೇರಿಯ ಪರೀಕ್ಷಾ ಹಾಳೆಯನ್ನು ಸಿದ್ಧಪಡಿಸಿಕೊಳ್ಳಲು ಕೋರಲಾಗಿದೆ.